ನಂದಿಯ ಬೆಟ್ಟಗಳೂ ಪರದೇಶದ ಪ್ರವಾಸಿಗಳೂ

ದೇವನಹಳ್ಳಿಗೆ ಪಶ್ಚಿಮದಲ್ಲಿ ಕೆಲವೇ ಮೈಲಿಗಳ ದೂರದಲ್ಲಿರುವ ಕುಂದಾಣದ ಬಯಲಿನಲ್ಲಿ ನಿಂತು ಉತ್ತರಕ್ಕೆ ನೋಡಿದರೆ ನಂದಿಯ ಗಿರಿಶ್ರೇಣಿಯು ದಿಗಂತವನ್ನು ತಡೆದು ನಿಂತಿರುವುದು ಕಾಣುವುದು. ಹೊಯ್ಸಳ ರಾಮನಾಥನ ರಾಜಧಾನಿಯಾದ ಕುಂದಾಣಿಯು ಈ ಗ್ರಾಮವೇ ಎಂದು ಕೆಲವರೂ, ಹೊಸೂರು ಸೀಮೆಯ ಕುಂದಾಣಿಯೆಂದು ಕೆಲವರೂ ವಾದಿಸಿರುವರು. ಆ ವಾದವು ಹೇಗಾದರೂ ಇರಲಿ. ದೂರದೇಶದಿಂದ ಬೆಂಗಳೂರಿಗೆ ಬಂದವರು ಪಟ್ಟಣದ ಗದ್ದಲವನ್ನು ಬಿಟ್ಟು ಬಯಲನ್ನೂ ಬೆಟ್ಟವನ್ನೂ ಅರಸಿ ಹೊರಟ ಚರಿತ್ರೆಯ ಬಹುಭಾಗವು ಈ ಸೀಮೆಗೇ ಸೇರಿದುದು.

ನಂದಿಯನ್ನು ಆಂಗ್ಲರು ಕಂಡುಹಿಡಿದರೆಂದು ಹೇಳುವ ವಾಡಿಕೆಯುಂಟು. ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರನ ಆಲಯವು ಒಂಬತ್ತನೆಯ ಶತಮಾನದ ಆದಿಭಾಗದಷ್ಟು ಹಳೆಯದು. ಶಿಖರದಲ್ಲಿ ಯೋಗನಂದೀಶ್ವರನಿರುವನು. ಹರಕೆ ಹೊತ್ತ ಭಕ್ತರು ಎಷ್ಟು ತಲೆಮಾರುಗಳಿಂದ ಈ ಮೆಟ್ಟಿಲುಗಳನ್ನು ಸವೆಸಿರುವರೋ ಲೆಕ್ಕವಿಲ್ಲ. ಪಾಳೆಯಗಾರರೂ, ಅವರ ತರುವಾಯ ಹೈದರ್ ಟಿಪ್ಪುಗಳೂ ಇದನ್ನು ದುರ್ಗವಾಗಿ ಭದ್ರಪಡಿಸಿದರು. ಆಂಗ್ಲರೂ ಮೊದಲು ಹತ್ತಿದುದು ತಂಗಾಳಿಗಾಗಿ ಅಲ್ಲ, ಫಿರಂಗಿಗಳೊಡನೆ. ಸುಮಾರು ಮೂರು ವಾರಗಳ ಮುತ್ತಿಗೆಯ ಅನಂತರ 1791ರ ಅಕ್ಟೋಬರ್ 19ರಂದು ದುರ್ಗವು ಅವರ ವಶವಾಯಿತು.

ಅದಾದ ಒಂಬತ್ತು ವರ್ಷಗಳಲ್ಲಿ, ಎಂದರೆ 1800ರಲ್ಲಿ, ವೈದ್ಯನಾದ ಫ್ರಾನ್ಸಿಸ್ ಬುಕಾನನ್ ಎಂಬುವನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದನು. ಬೆಂಗಳೂರಿನಿಂದ ಮುಂದೆ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಕಡೆಗೂ ಅವನು ಬಂದನು. ನೇಗಿಲು, ಬಿತ್ತನೆ, ಕಂದಾಯ, ನೇಯ್ಗೆ ಇವುಗಳನ್ನು ರೈತನ ಬಾಯಿಂದಲೇ ಕೇಳಿ ಬರೆದುಕೊಂಡನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥವನ್ನು ಓದುವವರಿಗೆ, ವಿನೋದಕ್ಕಾಗಿ ಬಂದವನಲ್ಲದಿದ್ದರೂ ಹಳ್ಳಿಯ ದಾರಿಯನ್ನು ಇಷ್ಟು ಕಣ್ಣಿಟ್ಟು ನೋಡಿದ ಪರದೇಶಿಯು ವಿರಳವೆಂದು ತೋರದಿರದು.

ವಿಹಾರದ ಕಾಲವು ಬಂದುದು ದಂಡಿನೊಡನೆ. ಶ್ರೀರಂಗಪಟ್ಟಣದ ಜ್ವರಬಾಧೆಯನ್ನು ತಾಳಲಾರದೆ ಆಂಗ್ಲಸೈನ್ಯವು 1809ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ಬೆಂಗಳೂರಿನ ಹವೆಯು ಹಿತವಾದುದಾದರೂ, ಸಮುದ್ರಮಟ್ಟಕ್ಕೆ 4,851 ಅಡಿ ಎತ್ತರದ ನಂದಿಯು ಇನ್ನೂ ತಂಪಾದುದು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅಲ್ಲಿಯೇ ಬೇಸಿಗೆಯ ಬಂಗಲೆಯನ್ನು ಕಟ್ಟಿಸಿಕೊಂಡನು. ಈಗ ಅದಕ್ಕೆ ನೆಹರೂ ನಿಲಯವೆಂದು ಹೆಸರು. ಮ್ಯಾನ್ ದ್ವೀಪದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಈ ದೇಶಕ್ಕೆ ಬಂದ ಆತನು ಅಧಿಕಾರವನ್ನು ಬಿಟ್ಟು ಸ್ವದೇಶಕ್ಕೆ ಹಿಂದಿರುಗುವಾಗ 1861ರ ಏಪ್ರಿಲಿನಲ್ಲಿ ಸುಯೆಜ್‌ನಲ್ಲಿ ತೀರಿಕೊಂಡನು. ಹುಟ್ಟೂರಿನ ಕಡಲತೀರಕ್ಕಿಂತ ನಂದಿಯ ಮಂಜನ್ನೇ ಆತನು ಹೆಚ್ಚು ಕಾಲ ಕಂಡಿರಬೇಕು.

ಹೀಗೆ ಬೆಟ್ಟವು ಹೊಸದಾಗಲಿಲ್ಲ, ಏರುವ ಉದ್ದೇಶವು ಮಾತ್ರ ಹೊಸದಾಯಿತು. ಹರಕೆಯೂ ಇಲ್ಲದೆ, ಹಗೆಯೂ ಇಲ್ಲದೆ, ಗಾಳಿಗಾಗಿಯೂ ನೋಟಕ್ಕಾಗಿಯೂ ಏರುವುದು ಈ ನಾಡಿನ ರೈತನಿಗೆ ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ. ಅಲ್ಲದೆ ದೊರೆಗಳು ಬೆಟ್ಟವೇರುತ್ತಿದ್ದುದು ಅನೇಕ ವೇಳೆ ಕುದುರೆಯ ಮೇಲೆ, ಇಲ್ಲವೆ ಆಳುಗಳು ಹೊರುವ ಡೋಲಿಯಲ್ಲಿ. ಬಂಗಲೆಯೊಡನೆ ಒಡೆಯನ ಹೆಸರು ಉಳಿಯಿತು. ಹೊತ್ತವರ ಹೆಸರು ಉಳಿಯಲಿಲ್ಲ. ಅರ್ಕಾವತಿಯೂ ಉತ್ತರ ದಕ್ಷಿಣ ಪಿನಾಕಿನಿಗಳೂ ಹುಟ್ಟುವ ಈ ಗುಡ್ಡಗಳ ಇಳಿಜಾರನ್ನು ನೀರಿಗಾಗಿ, ಸೌದೆಗಾಗಿ ಪ್ರತಿದಿನ ತುಳಿದವರಿಗೆ ಅದು ವಿಹಾರವಾಗಿರಲಿಲ್ಲ.

1927ರಲ್ಲಿ ಅಸ್ವಸ್ಥರಾಗಿದ್ದ ಗಾಂಧಿಯವರು ವಿಶ್ರಾಂತಿಗಾಗಿ ನಂದಿಯಲ್ಲಿ ತಂಗಿದ ಮೇಲೆ ಬೆಟ್ಟದ ಕೀರ್ತಿಯು ನಮ್ಮವರಲ್ಲಿಯೂ ಹಬ್ಬಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ಪರದೇಶದ ಪ್ರವಾಸಿಯು ಇಳಿಯುವುದೇ ಈ ಬೆಟ್ಟಗಳ ನೆರೆಯಲ್ಲಿ. ಹಳದಿ ಕೊರಳಿನ ಪಿಕಳಾರವೆಂಬ, ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಲ್ಲದೆ ಬೇರೆಲ್ಲಿಯೂ ಕಾಣದ ಹಕ್ಕಿಯನ್ನು ನೋಡಲೆಂದೇ ದುರ್ಬೀನು ಹಿಡಿದು ಬರುವವರುಂಟು. ರವಿವಾರದ ನಸುಕಿನಲ್ಲಿ ಬೆಂಗಳೂರಿನ ಮೋಟಾರುಗಳು ನಂದಿಯ ರಸ್ತೆಯಲ್ಲಿ ಸಾಲುಗಟ್ಟುವುವು. ಸುಲ್ತಾನಪೇಟೆಯಿಂದೇರುವ ಹಳೆಯ ಮೆಟ್ಟಿಲುಗಳ ಮೇಲೆ ನಡೆಯುವವರು ಕೆಲವರೇ. ಕುಂದಾಣದ ಬೆಟ್ಟಕ್ಕಾದರೋ ಇಂಥ ಜನಸಂದಣಿಯಿಲ್ಲ.