ಪರಾಷಾ
ಯೆಹೂದ್ಯರು ತಮ್ಮ ಪವಿತ್ರ ಗ್ರಂಥವಾದ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಬೆಳಗ್ಗೆ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಕೈಬರಹದ ಸುರುಳಿಯಿಂದ ಓದುತ್ತಾರೆ. ಇಂಥ ಒಂದೊಂದು ಭಾಗವೂ ಒಂದು ಪರಾಷಾ. ವಾರದ ಭಾಗದಿಂದ ನೀತಿ ಹೆಕ್ಕಿ ಹೇಳುವ ಕಿರುಪ್ರವಚನಕ್ಕೆ ‘ದ್ವರ್ ತೋರಾ’ ಎಂದು ಹೆಸರು.

‘ವಯೇರಾ’ ಭಾಗ ಇದಕ್ಕೆ ಸೊಗಸಾದ ನಿದರ್ಶನ. ಬಿಸಿಲೇರಿದ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಯೆಹೂದ್ಯರ ಮೂಲಪುರುಷ ಅಬ್ರಹಾಮ ಅಪರಿಚಿತರಾದ ಮೂವರನ್ನು ಕಂಡು, ಎದುರಿಗೆ ಓಡಿಹೋಗಿ ಬರಮಾಡಿಕೊಳ್ಳುತ್ತಾನೆ. ಕೊಡುತ್ತೇನೆಂದದ್ದು ಸ್ವಲ್ಪ ನೀರು, ತುತ್ತು ರೊಟ್ಟಿ. ಬಡಿಸಿದ್ದು ಎಳೆಗರುವಿನ ಮಾಂಸ, ಮೊಸರು, ಹಾಲು. ಸಜ್ಜನರು ಕಡಿಮೆ ಹೇಳಿ ಹೆಚ್ಚು ಮಾಡುತ್ತಾರೆ ಎಂಬ ನೀತಿಯನ್ನು ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ಇಲ್ಲಿಂದಲೇ ತೆಗೆಯುತ್ತದೆ. ಒಂದು ಮಾತನ್ನೂ ವ್ಯರ್ಥವೆಂದು ಬಿಡದ ಈ ಸೂಕ್ಷ್ಮ ಓದೇ ಪರಂಪರೆಯ ನಿಜವಾದ ಬಲ. ಫ್ರಾನ್ಸಿನ ಟ್ರ್ವಾ ನಗರದ ಯೆಹೂದ್ಯ ಪಂಡಿತ ರಾಶಿ (1040–1105) ಬರೆದ ತೋರಾ ವ್ಯಾಖ್ಯಾನ ಇಂದಿಗೂ ಇಂಥ ಪ್ರವಚನಗಳಿಗೆ ಮುಖ್ಯ ಆಧಾರ.