ಹೊತ್ತವನೇ ಓದುಗ: ಕಂಪ್ಲಿಯ ಕಾಲದ ಓಟದ ಅಂಚೆಯಿಂದ ಗೂಢಲಿಪಿಯ ಇಮೇಲ್‌ವರೆಗೆ

ಪೀಠಿಕೆ

2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆಯ ದಾಖಲೆಗಳನ್ನು ಬಯಲಿಗಿಟ್ಟ ಮೇಲೆ, ಪ್ರಜೆಯ ಇಮೇಲನ್ನು ಸರ್ಕಾರ ಓದಬಹುದೇ ಎಂಬ ಚರ್ಚೆ ಎಲ್ಲೆಡೆ ಬಿಸಿಯೇರಿತು. ಇದು ಅಂತರ್ಜಾಲ ತಂದ ಸಮಸ್ಯೆ ಎಂಬ ನಂಬಿಕೆ ಸಾಮಾನ್ಯ. ಕಂಪ್ಲಿ, ಹಂಪಿ, ಹೊಸಪೇಟೆ, ಸಂಡೂರುಗಳ ಚರಿತ್ರೆ ಹಾಗೆ ಹೇಳುವುದಿಲ್ಲ. ಈ ಸೀಮೆಯನ್ನು ಗೆದ್ದ, ಆಳಿದ ಪ್ರಭುತ್ವಗಳಲ್ಲಿ ಪತ್ರ ಹೊರುವ ಏರ್ಪಾಡು ಸುದ್ದಿ ಕಲೆಹಾಕುವ ಏರ್ಪಾಡೂ ಆಗಿತ್ತು. ಹೊರುವವನ ಕೈಯಿಂದ ಓದುವ ಅಧಿಕಾರವನ್ನು ಕಿತ್ತುಕೊಂಡದ್ದು ಪ್ರಜೆಯ ಕೈಗೆ ಬಂದ ಗೂಢಲಿಪಿ. ಆದರೆ ಆ ಕೆಲಸ ಅರ್ಧಕ್ಕೇ ನಿಂತಿದೆ ಎಂಬುದು ಈ ಲೇಖನದ ವಾದ.

ಸುಲ್ತಾನನ ವರದಿಗಾರರು, ರಾಜನ ಚಾರರು

ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಕಂಪಿಲಿಯ (ಇಂದಿನ ಕಂಪ್ಲಿಯ) ರಾಯ ಆಶ್ರಯ ಕೊಟ್ಟ. 1327ರಲ್ಲಿ ಕಂಪಿಲಿ ದೆಹಲಿಯ ಸೇನೆಗೆ ಸೋತಿತು. 1333ರಲ್ಲಿ ಸಿಂಧಿಗೆ ಬಂದಿಳಿದ ಪ್ರವಾಸಿ ಇಬ್ನ್ ಬತೂತ ಈ ಕಥನವನ್ನೂ ಸುಲ್ತಾನನ ಅಂಚೆಯನ್ನೂ ದಾಖಲಿಸಿದ್ದಾನೆ. ಕುದುರೆ ಅಂಚೆಯಲ್ಲದೆ, ಗೆಜ್ಜೆ ಕಟ್ಟಿದ ಕೋಲು ಹಿಡಿದು ಮೈಲಿಗೆ ಮೂರು ಠಾಣೆಯಂತೆ ಕೈಬದಲಾಗಿ ಓಡುವ ಕಾಲಾಳು ಅಂಚೆಯೂ ಇತ್ತು. ಸಿಂಧಿನಿಂದ ದೆಹಲಿಗೆ 50 ದಿನಗಳ ಹಾದಿಯನ್ನು ಸುದ್ದಿ 5 ದಿನಗಳಲ್ಲಿ ಕ್ರಮಿಸುತ್ತಿತ್ತು. ಹೊಸಬನೊಬ್ಬ ಗಡಿ ದಾಟಿದರೆ ಅವನ ಚಹರೆ, ಉಡುಪು, ಜೊತೆಗಾರರು, ಸೇವಕರು, ಪ್ರಾಣಿಗಳ ವಿವರ ಸುಲ್ತಾನನಿಗೆ ತಲುಪುತ್ತಿತ್ತು. ಆ ವರದಿ ಆತನ ಮನಸ್ಸಿನಲ್ಲಿದ್ದುದನ್ನು ಹೇಳುತ್ತಿರಲಿಲ್ಲ; ಯಾರು, ಯಾರೊಡನೆ, ಎಲ್ಲಿಂದ ಬಂದ ಎಂಬುದಷ್ಟೇ ಆಡಳಿತಕ್ಕೆ ಸಾಕಾಗಿತ್ತು.

ಗೂಢಲಿಪಿಯೂ ಆಗ ಪ್ರಭುತ್ವದ ಸೊತ್ತು. ಕೌಟಿಲ್ಯನ ಅರ್ಥಶಾಸ್ತ್ರ ಚಾರರು ಸಂಜ್ಞಾಲಿಪಿಯಲ್ಲಿ ಸುದ್ದಿ ಸಾಗಿಸಬೇಕೆನ್ನುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಇದರ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಹಂಪಿಯಿಂದ ಆಳಿದ ಕೃಷ್ಣದೇವರಾಯ ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದದ ರಾಜನೀತಿ ಭಾಗದಲ್ಲೂ ಚಾರರ ವಿಚಾರ ಬರುತ್ತದೆ.

ಮೈಸೂರು ಅಂಚೆ ಮತ್ತು ಕಂಪನಿಯ ಕಾನೂನು

ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ಆರಂಭವಾದ ಮೈಸೂರು ಅಂಚೆಯ ಬಗ್ಗೆ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ: ಅಂಚೆಯ ಮುಖ್ಯಸ್ಥರು ಅರಮನೆಯ ಆಪ್ತರು, ಕೆಳಗಿನ ನೌಕರರು ಬೇಹುಗಾರರು. ಹೈದರಾಲಿ ಇದೇ ಯಂತ್ರವನ್ನು ಇನ್ನಷ್ಟು ಬಿಗಿಗೊಳಿಸಿದ. 1770ರ ದಶಕದಲ್ಲಿ ಬಳ್ಳಾರಿ, ಸಂಡೂರುಗಳೂ ಅವನ ವಶವಾದವು.

1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಬ್ರಿಟಿಷರು ಹಳೆಯ ರೂಢಿಗೆ ಕ್ರಮೇಣ ಕಾನೂನಿನ ರೂಪ ಕೊಟ್ಟರು. 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ವಿಧಿ ತಂತಿ ಸಂದೇಶವನ್ನೂ, 1898ರ ಅಂಚೆ ಕಾಯ್ದೆಯ 26ನೇ ವಿಧಿ ಪತ್ರವನ್ನೂ ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟವು. ಸ್ವತಂತ್ರ ಭಾರತ 2023ರಲ್ಲಿ ಎರಡೂ ಕ್ಷೇತ್ರಗಳಿಗೆ ಹೊಸ ಕಾಯ್ದೆ ತಂದರೂ ಆ ಅಧಿಕಾರ ಉಳಿದುಕೊಂಡಿತು.

ಕದ್ದಾಲಿಕೆ ಕರ್ನಾಟಕದ ರಾಜಕೀಯವನ್ನೇ ಅಲುಗಿಸಿದ್ದುಂಟು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಿಂದ. 2011ರ ಜುಲೈನಲ್ಲಿ, ಸಂಡೂರು–ಹೊಸಪೇಟೆಯ ಅಕ್ರಮ ಅದಿರು ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಸಲ್ಲಿಕೆಗೆ ಮೊದಲೇ ಸೋರಿದಾಗ, ತಮ್ಮ ದೂರವಾಣಿ ಕದ್ದಾಲಿಸಲಾಗುತ್ತಿದೆ ಎಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಬಹಿರಂಗವಾಗಿ ಆರೋಪಿಸಿದರು. ತನಿಖೆ ಮಾಡುವವರಿಗೂ ಮಾತಿನ ಗೌಪ್ಯ ಬೇಕು ಎಂಬುದನ್ನು ಆ ಪ್ರಸಂಗ ತೋರಿಸಿತು.

ಬೀಗ ಪ್ರಜೆಯ ಕೈಗೆ

1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದ ಸಾರ್ವಜನಿಕ ಕೀಲಿಯ ಕಲ್ಪನೆ, ಒಂದೇ ಕೀಲಿಯಿಂದ ಮುಚ್ಚಿ ತೆರೆಯುವ ಸಾವಿರಾರು ವರ್ಷಗಳ ರೂಢಿಯನ್ನು ಮುರಿಯಿತು. ಸಂದೇಶವನ್ನು ಮುಚ್ಚುವ ಕೀಲಿ ಎಲ್ಲರಿಗೂ ಗೊತ್ತಿರಬಹುದು. ತೆರೆಯುವ ಕೀಲಿ ಪಡೆಯುವವನೊಬ್ಬನಲ್ಲೇ ಇರುತ್ತದೆ. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಬಿಡುಗಡೆ ಮಾಡಿದ ಪಿಜಿಪಿ ತಂತ್ರಾಂಶ ಇದನ್ನು ಜನಸಾಮಾನ್ಯರ ಇಮೇಲ್‌ಗೆ ತಂದಿತು. ಅಮೆರಿಕ ಸರ್ಕಾರ ಅವರ ಮೇಲೆ ನಡೆಸಿದ ತನಿಖೆ 1996ರಲ್ಲಿ ಮೊಕದ್ದಮೆಯಿಲ್ಲದೆ ಮುಗಿಯಿತು.

ಆದರೆ ಸಾಂಪ್ರದಾಯಿಕ ಪಿಜಿಪಿ ಮರೆಮಾಡುವುದು ಒಡಲಿನ ಬರಹವನ್ನು ಮಾತ್ರ. ಕಳಿಸಿದವರು, ಪಡೆದವರು, ವಿಷಯದ ಸಾಲು, ವೇಳೆ ತೆರೆದೇ ಇರುತ್ತವೆ. ತುಘಲಕನ ವರದಿಗಾರರು ಬರೆದು ಕಳಿಸುತ್ತಿದ್ದುದೂ ಇಂಥ ಹೊರವಿವರಗಳನ್ನೇ.

ಪ್ರಭುತ್ವದ ಪ್ರಶ್ನೆಯೂ ಬದಲಾಯಿತು. ‘ಯಾರು ತೆರೆಯಬಹುದು’ ಎಂಬುದರ ಜೊತೆಗೆ ‘ಬೀಗ ಹಾಕಿದವರು ಕೀಲಿ ಕೊಡಬೇಕೇ’ ಎಂಬುದು ಸೇರಿಕೊಂಡಿತು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ವಿಧಿಯಡಿ, ಸಂದೇಶ ಬಿಡಿಸಲು ನೆರವಾಗದವರಿಗೆ 7 ವರ್ಷಗಳವರೆಗೆ ಸೆರೆವಾಸವಿದೆ. ಗೂಢಲಿಪಿಯ ಸಂದೇಶಗಳ ಮೂಲರೂಪವನ್ನು 90 ದಿನ ಉಳಿಸಿಡಬೇಕೆಂದ 2015ರ ಕರಡು ನೀತಿಯನ್ನು ಕೇಂದ್ರ ಸರ್ಕಾರ ಟೀಕೆಯ ನಂತರ ಹಿಂಪಡೆಯಿತು.

ಎರಡು ತೀರ್ಪುಗಳ ನಡುವೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಸಾರಿತು. 2025ರ ಏಪ್ರಿಲ್ 29ರಂದು ಅದೇ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಗೂಢಲಿಪಿಯ ಇಮೇಲ್ ಸೇವೆ ಪ್ರೋಟಾನ್ ಮೇಲ್ ಅನ್ನು ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸಲು ಕೇಂದ್ರಕ್ಕೆ ಆದೇಶಿಸಿತು. ಆ ಸೇವೆಯ ಮೂಲಕ ಬಂದ ಅಶ್ಲೀಲ ಇಮೇಲ್‌ಗಳು ಮಹಿಳಾ ಉದ್ಯೋಗಿಯನ್ನು ಗುರಿಯಾಗಿಸಿದ್ದವು ಎಂಬುದು ಅರ್ಜಿದಾರ ಸಂಸ್ಥೆಯ ದೂರು. ಇಲ್ಲಿ ಘರ್ಷಣೆ ಇರುವುದು ಖಾಸಗಿತನಕ್ಕೂ ಭದ್ರತೆಗೂ ಮಾತ್ರವಲ್ಲ. ಪೀಡಿತೆಯ ಘನತೆಯೂ ಖಾಸಗಿತನವೇ, ಮರೆಯಲ್ಲಿ ಬರೆಯುವ ಇತರ ಬಳಕೆದಾರರ ಹಕ್ಕೂ ಖಾಸಗಿತನವೇ.

ಸಮಾರೋಪ

ಇಂಥ ಘರ್ಷಣೆಯನ್ನು ಒಂದೊಂದು ಪ್ರಕರಣದಲ್ಲೂ ತೂಗಿ ನೋಡಬೇಕಾದವರು ಸ್ವತಂತ್ರ ನ್ಯಾಯಾಧೀಶರು. ನಮ್ಮಲ್ಲಿ ತಡೆಹಿಡಿಯುವ ಆದೇಶ ಹೊರಡುವುದು ಗೃಹ ಕಾರ್ಯದರ್ಶಿಯಿಂದ. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಇರುವವರೂ ಕಾರ್ಯದರ್ಶಿಗಳೇ. ಸಂದೇಶ ತೆರೆಯಬೇಕೆನ್ನುವವರು ಮತ್ತು ತೆರೆದದ್ದು ಸರಿಯೇ ಎಂದು ನೋಡುವವರು ಒಂದೇ ಆಡಳಿತದವರಾಗಿರುವಷ್ಟು ಕಾಲ ಪ್ರಜೆ ಗೂಢಲಿಪಿಯ ಮೊರೆಹೋಗುವುದು ಸಹಜ. ಕಾನೂನು ಹೊರಬೇಕಾದ ಹೊಣೆಯನ್ನು ಇಂದು ಗಣಿತ ಹೊತ್ತಿದೆ. ಗಣಿತವನ್ನು ನಿಷೇಧಿಸುವುದಕ್ಕಿಂತ ಆ ಹೊಣೆಯನ್ನು ನ್ಯಾಯಾಂಗಕ್ಕೆ ಒಪ್ಪಿಸುವುದು ಚರಿತ್ರೆ ಸೂಚಿಸುವ ಸುಧಾರಣೆ.