ಅರಮನೆಯಿಂದ ಅರಮನೆ ಮೈದಾನದವರೆಗೆ: ಹೇಳಿಕೊಳ್ಳುವಂಥ ಕಛೇರಿಗಳ ನೂರು ವರ್ಷ

‘ಮನ್ಸೂರರ ಗಾಯನವನ್ನು ಎದುರಿಗೆ ಕೂತು ಕೇಳಿದ್ದೇನೆ’ ಎನ್ನುವ ಧಾರವಾಡದ ಹಿರಿಯರ ಮಾತಿನಲ್ಲಿ ಒಂದು ಹೆಮ್ಮೆ ಇರುತ್ತದೆ. ಬೆಂಗಳೂರಿನ ಹಳಬರು ಕೋಟೆ ಹೈಸ್ಕೂಲು ಮೈದಾನದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದನ್ನು ಅದೇ ಹೆಮ್ಮೆಯಿಂದ ನೆನೆಯುತ್ತಾರೆ. ಅವರ ಮಕ್ಕಳು ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡವನ್ನು ಕಂಡ 2003ರ ಏಪ್ರಿಲ್ ಸಂಜೆಯ ಬಗ್ಗೆ ಹೇಳುವಾಗಲೂ ದನಿ ಏರುತ್ತದೆ. ಸಂಗೀತದ ಜಾತಿ ಬೇರೆಯಾದರೂ ಸಂತೋಷ ಒಂದೇ: ಅದು ನಡೆದಾಗ ನಾನು ಅಲ್ಲಿದ್ದೆ ಎನ್ನುವುದು.

ಇಂಥ ಕಛೇರಿಗೆ ಕಲಾವಿದರ ಪ್ರತಿಭೆಯೊಂದೇ ಸಾಲದು. ಯಾರನ್ನು ಒಳಗೆ ಬಿಟ್ಟರು, ದನಿ ಎಷ್ಟು ದೂರ ಮುಟ್ಟಿತು, ಎಷ್ಟು ಹೊತ್ತು ಹಾಡಲು ಬಿಟ್ಟರು ಎಂಬ ಮೂರು ಸಂಗತಿಗಳೂ ಕೂಡಿಬರಬೇಕು. ಕರ್ನಾಟಕದಲ್ಲಿ ಕಛೇರಿ ಬೆಳೆದು ಬಂದ ಬಗೆ ಈ ಮೂರರ ಚರಿತ್ರೆಯೇ ಆಗಿದೆ.

ತೆರೆದ ಬಾಗಿಲು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಳೆಯ ಮೈಸೂರಿನ ದೊಡ್ಡ ಕಛೇರಿ ಎಂದರೆ ಅರಮನೆಯ ಕಛೇರಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರಂಥವರಿದ್ದರು. ಹಿಂದೂಸ್ತಾನಿಯ ಉಸ್ತಾದ್ ಅಬ್ದುಲ್ ಕರೀಂ ಖಾನರೂ ಬಂದು ಹಾಡಿದರು. ಭಾರತದಲ್ಲಿ ಗ್ರಾಮೊಫೋನ್ ತಟ್ಟೆಗೆ ಮೊದಮೊದಲು ಹಾಡಿದವರಲ್ಲಿ ಒಬ್ಬರಾದ ಗೌಹರ್ ಜಾನ್ ಕೊನೆಯ ದಿನಗಳನ್ನು ಈ ಆಸ್ಥಾನದ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಷ್ಟು ದೊಡ್ಡ ಸಂಗೀತ ನಡೆದರೂ ದರ್ಬಾರಿನಲ್ಲಿ ಕೂರುವ ಭಾಗ್ಯ ಆಹ್ವಾನ ಇದ್ದವರಿಗೆ ಮಾತ್ರ.

ಬಾಗಿಲು ಒಂದೊಂದಾಗಿ ತೆರೆದದ್ದು ಊರಿನವರ ಕೈಯಿಂದ. ಬೆಂಗಳೂರು ಗಾಯನ ಸಮಾಜ 1905ರಲ್ಲೇ ಹುಟ್ಟಿತು. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಆಸ್ಥಾನ ವಿದ್ವಾಂಸರ ಸಂಗೀತ ರಾಮೋತ್ಸವದ ನೆಪದಲ್ಲಿ ಪೇಟೆಯ ಜನರಿಗೂ ಸಿಕ್ಕಿತು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯನ್ನು ಶುರುಮಾಡಿದರು. ಮುಂದೆ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ರಾಮನವಮಿಯ ಸಂಗೀತ ತಿಂಗಳಿಡೀ ನಡೆಯುವ ಉತ್ಸವವಾಯಿತು. ಕರ್ನಾಟಕಿ, ಹಿಂದೂಸ್ತಾನಿ ಎಂಬ ಭೇದ ಅಲ್ಲಿರಲಿಲ್ಲ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನವರು ಗಣೇಶನ ಹಬ್ಬಕ್ಕೆ ಬೀದಿಗೇ ಚಪ್ಪರ ಹಾಕಿ, ದೇಶದ ದೊಡ್ಡ ವಿದ್ವಾಂಸರನ್ನು ಕರೆಸಿ, ಬಂದವರೆಲ್ಲರಿಗೂ ಪುಕ್ಕಟೆಯಾಗಿ ಸಂಗೀತ ಕೇಳಿಸುತ್ತ ಬಂದಿದ್ದಾರೆ. ಹಣವಂತರಲ್ಲದ ಮನೆಗಳಲ್ಲೂ ರಾಗ ಗುರುತಿಸಬಲ್ಲ ಕಿವಿಗಳು ಬೆಳೆದದ್ದು ಇಂಥ ಬೀದಿಗಳಿಂದ.

ಹೆಣ್ಣುಮಕ್ಕಳಿಗೆ ಬಾಗಿಲು ತಾನಾಗಿ ತೆರೆಯಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಮ್ಮ ಗಳಿಕೆಯನ್ನು ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿಯ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿಲ್ಲವೆಂದಾಗ ಹಟ ಹಿಡಿದು ಹೋರಾಡಿ ಗೆದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದರ ಗಂಗೂಬಾಯಿಯೂ ಇದ್ದರು. ಆ ಹುಡುಗಿ ಮುಂದೆ ಗಂಗೂಬಾಯಿ ಹಾನಗಲ್ ಆಗಿ ಕಿರಾನಾ ಘರಾಣೆಯ ಗಂಭೀರ ದನಿಯಾದರು.

ಮುಟ್ಟಿದ ದನಿ

ಮೈಕು ಬರುವ ಮುಂಚೆ ಕಛೇರಿಯ ಹರವು ಕಂಠದ ಶಕ್ತಿಗೆ ಸೀಮಿತವಾಗಿತ್ತು. ಸಭೆ ದೊಡ್ಡದಾದಂತೆ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ನಾದವನ್ನು ತುಂಬಿಸಿಕೊಂಡದ್ದು ಈ ಕೊರತೆ ನೀಗಲೆಂದೇ. ಕೇಳುಗರ ಸಂಖ್ಯೆ ವಾದ್ಯದ ಸ್ವರೂಪವನ್ನೇ ಬದಲಿಸಿದ ಇಂಥ ನಿದರ್ಶನ ಅಪರೂಪ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಅವರಿಗೆ ಸಂದ ಗೌರವ.

ಮೈಕು ಬಂದಮೇಲೆ ಬೇರೆಯೇ ಬಗೆಯ ಗಾಯನಕ್ಕೆ ದಾರಿಯಾಯಿತು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಕನ್ನಡದ ಹೊಸ ಕವಿತೆಗಳನ್ನು ಊರೂರಿನ ವೇದಿಕೆಗೆ ಒಯ್ದರು. ಆಮೇಲೆ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಬಂದರು. ಪಿಸುಮಾತಿನಷ್ಟು ಮೆಲ್ಲಗೆ ಹಾಡಿದರೂ ಕೊನೆಯ ಸಾಲಿಗೆ ಕವಿತೆ ಮುಟ್ಟುವಂತಾದದ್ದು ಸುಗಮ ಸಂಗೀತದ ಬಲ. ಆ ಪಯಣದ ಶಿಖರ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ನಡೆಸಿದ ‘ಕನ್ನಡವೇ ಸತ್ಯ’. ಸಿನಿಮಾ ತಾರೆಯರ ಆಕರ್ಷಣೆಯನ್ನು ನೆಚ್ಚದೆ, ಕವಿಗಳ ಹಾಡು ಕೇಳಲೆಂದೇ ಲಕ್ಷದಷ್ಟು ಜನ ಸೇರಿದ್ದರು. ಕನ್ನಡ ಕವಿತೆಗೆ ಜನವಿಲ್ಲ ಎನ್ನುವವರಿಗೆ ಆ ಸಂಜೆಗಿಂತ ದೊಡ್ಡ ಉತ್ತರ ಬೇಕಿಲ್ಲ.

ಅದೇ ಮೈದಾನ ಅಷ್ಟರಲ್ಲಾಗಲೇ ದೇಶದ ರಾಕ್ ಸಂಗೀತದ ತವರಾಗಿತ್ತು. 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ರೋಜರ್ ವಾಟರ್ಸ್, ಆಮೇಲೆ 2007ರಲ್ಲಿ ಐರನ್ ಮೇಡನ್ ಬೆಂಗಳೂರಿಗೆ ಬಂದರು. 2011ರ ಅಕ್ಟೋಬರಿನಲ್ಲಿ ದೆಹಲಿ ಬಳಿಯ ಗುರಗಾಂವಿನಲ್ಲಿ ಮೆಟಾಲಿಕಾ ಕಾರ್ಯಕ್ರಮ ಕೊನೆಗಳಿಗೆಯಲ್ಲಿ ನಿಂತುಹೋಗಿ, ರೊಚ್ಚಿಗೆದ್ದ ಜನ ವೇದಿಕೆಯನ್ನು ಧ್ವಂಸ ಮಾಡಿದರು. ಎರಡು ದಿನ ಕಳೆದು, ಅಕ್ಟೋಬರ್ 30ರಂದು, ಅದೇ ತಂಡ ಬೆಂಗಳೂರಿನಲ್ಲಿ ಹಾಡಿತು. ಭಾರತದಲ್ಲಿ ಮೆಟಾಲಿಕಾದ ಮೊದಲ ಕಛೇರಿ ನಮ್ಮ ಊರಿನ ಪಾಲಿಗೆ ಬಂತು. ವರ್ಷಗಟ್ಟಲೆ ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನು ಸಾವಿರಾರು ಜನರ ನಡುವೆ ನಿಂತು ಹಾಡಿಕೊಂಡ ಆ ಹುಡುಗರ ಭಕ್ತಿಯನ್ನು ಗದ್ದಲವೆಂದು ತಳ್ಳಿಹಾಕುವುದು ಅನ್ಯಾಯ.

ಕಳೆದ ಹೊತ್ತು

ಬಾಗಿಲು ತೆರೆಯಿತು, ದನಿ ಮುಟ್ಟಿತು. ನಾವು ಕಳೆದುಕೊಂಡದ್ದು ಹೊತ್ತನ್ನು.

ಉತ್ತರ ಕರ್ನಾಟಕದ ಸಂಗೀತ ಬೆಳೆದದ್ದೇ ರಾತ್ರಿಯಲ್ಲಿ. ಮೈಸೂರಿಗೆ ಹೋಗಿಬರುವ ಉಸ್ತಾದರು ಹುಬ್ಬಳ್ಳಿ-ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಗೆ ಅಬ್ದುಲ್ ಕರೀಂ ಖಾನರು ಬರುತ್ತಿದ್ದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರೆಂದು ಹೆಸರಾದರು. ಅವರಿಂದ ಗಂಗೂಬಾಯಿ, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಕಲಿತರು. ಗುರು 1952ರಲ್ಲಿ ತೀರಿಕೊಂಡ ಮರುವರ್ಷ ಪುಣೆಯಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವವನ್ನು ಭೀಮಸೇನರು ದೇಶದ ಅತಿ ದೊಡ್ಡ ಸಂಗೀತ ಉತ್ಸವಗಳಲ್ಲಿ ಒಂದಾಗಿ ಬೆಳೆಸಿದರು. ಕುಂದಗೋಳದಲ್ಲೂ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ನಡೆದುಬಂತು. ನಡುರಾತ್ರಿ ದರ್ಬಾರಿ ಕಾನಡಾ, ಮಾಲಕಂಸ್, ಬೆಳಕು ಹರಿಯುವಾಗ ಲಲಿತ, ಭೈರವ: ರಾಗವನ್ನು ಅದರ ಹೊತ್ತಿನಲ್ಲೇ ಕೇಳುವ ಭಾಗ್ಯ ಅಲ್ಲಿತ್ತು. ಹೆಸರಘಟ್ಟದ ನೃತ್ಯಗ್ರಾಮದ ‘ವಸಂತ ಹಬ್ಬ’ವೂ ಸಂಜೆಯಿಂದ ಮುಂಜಾನೆಯವರೆಗೆ ಬೆಂಗಳೂರಿಗರನ್ನು ಬಯಲಿನಲ್ಲಿ ಕೂರಿಸಿತ್ತು.

2000ರ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. ರೋಗಿಗಳು, ಮಕ್ಕಳು, ದುಡಿದು ಮಲಗುವವರ ದೃಷ್ಟಿಯಿಂದ ಈ ನಿಯಮ ಸರಿಯಾದದ್ದೇ. ಆದರೆ ನಮ್ಮ ಸಭೆಗಳು ಅದರೊಂದಿಗೆ ನಡುರಾತ್ರಿಯ ರಾಗಗಳನ್ನೂ ಕೈಬಿಟ್ಟವು. ಈಗ ಸಂಜೆ ಆರಕ್ಕೆ ಶುರುವಾಗುವ ಕಛೇರಿ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ರಾಗ-ತಾನ-ಪಲ್ಲವಿ ಮೊಟಕಾಗುತ್ತದೆ, ಮೃದಂಗದ ತನಿ ಆವರ್ತನ ಬಂದೊಡನೆ ಜನ ಚಪ್ಪಲಿ ಹುಡುಕುತ್ತಾರೆ. ಮುಚ್ಚಿದ ಸಭಾಂಗಣದೊಳಗಿನ ಧ್ವನಿವರ್ಧಕಕ್ಕೆ ಅದೇ ನಿಯಮಗಳಲ್ಲಿ ವಿನಾಯಿತಿ ಇದೆ. ಇಷ್ಟೊಂದು ರಂಗಮಂದಿರಗಳಿರುವ ನಾಡಿನಲ್ಲಿ ವರ್ಷಕ್ಕೊಂದು ಅಹೋರಾತ್ರಿ ಕಛೇರಿ ನಡೆಸಲು ಕಾನೂನು ಅಡ್ಡಿಯಲ್ಲ. ಮನಸ್ಸು ಮಾಡಬೇಕಷ್ಟೆ.

ಹೇಳುವವರು ಬೇಕು

ಶೇಷಣ್ಣನವರ, ಕೃಷ್ಣಪ್ಪನವರ ಕಛೇರಿಗಳ ಸೊಗಸು ನಮಗೆ ಇಷ್ಟಾದರೂ ಗೊತ್ತಿರುವುದಕ್ಕೆ ಒಂದು ಮುಖ್ಯ ಕಾರಣ, ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಬರೆದದ್ದು. ಕೇಳಿದವರೊಬ್ಬರು ಕೂತು ಬರೆದರು, ಆದ್ದರಿಂದ ಕೇಳದವರಿಗೂ ಅದು ದಕ್ಕಿತು. ಇಂದು ಪ್ರತಿ ಕೈಯಲ್ಲೂ ಫೋನಿದೆ, ಪ್ರತಿ ಕಛೇರಿಯ ತುಣುಕುಗಳೂ ಉಳಿಯುತ್ತವೆ. ಯಾವ ರಾಗಕ್ಕೆ ಸಭೆ ಉಸಿರು ಬಿಗಿಹಿಡಿಯಿತು, ಮೃದಂಗದವರ ಯಾವ ಮುಕ್ತಾಯಕ್ಕೆ ಹಾಡುವವರೇ ತಲೆದೂಗಿದರು ಎಂಬುದನ್ನು ಮಾತ್ರ ಯಾರೂ ಬರೆದಿಡುತ್ತಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಹಳೆಯ ಕಛೇರಿಗಳನ್ನು ಕೇಳಿದ ಹಿರಿಯರಿದ್ದರೆ ಅವರ ಬಾಯಿಂದ ಕೇಳಿ, ಊರು, ಇಸವಿ, ಪಕ್ಕವಾದ್ಯದವರ ಹೆಸರು ಸಮೇತ ಬರೆದಿಡಿ. ಬರುವ ರಾಮನವಮಿಗೋ ಗಣೇಶನ ಹಬ್ಬಕ್ಕೋ ಮನೆಯ ಮಗುವೊಂದನ್ನು ಚಪ್ಪರಕ್ಕೆ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂರಿಸಿ, ಮಂಗಳ ಹಾಡುವವರೆಗೆ ಏಳಬೇಡಿ.